ಆರು ಮನೆಗಳ ಹಿಮಯಂತ್ರ

ದೊಡ್ಡ ಸರೋವರದ ಮೇಲಿನಿಂದ ಗಾಳಿ ತಿರುಗಿತೆಂದರೆ ಕಿವೀನಾ ಸೀಮೆಯಲ್ಲಿ ಮೂರು ದಿನ ಹಿಮ ನಿಲ್ಲುವುದಿಲ್ಲ. ಹಳೆಯ ತಾಮ್ರದ ಗಣಿಯ ಹಿಂದೆ, ಗುಡ್ಡದ ಬೀದಿಯಲ್ಲಿ ಆರು ಮನೆಗಳಿವೆ. ಹನ್ನೊಂದು ಚಳಿಗಾಲ ಆ ಆರೂ ಮನೆಗಳ ಬಾಗಿಲಿಗೆ ದಾರಿ ಬಿಡಿಸಿಕೊಟ್ಟವಳು ಸೈಮಾ ಕರ್ವಾಕ್ಕೊ. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ದಪ್ಪ ಮಣಿಕಟ್ಟಿನ, ಕಡಿಮೆ ಮಾತಿನ ಹೆಂಗಸು.

ಅವಳ ಗಂಡ ಆರ್ವಿಡ್ ಸಲಿಕೆ ಹಿಡಿದು ಹಿಮ ಎತ್ತುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದಿದ್ದ. ತಿಥಿಯ ಕಾಫಿಗೆ ಬಂದ ನೆರೆಯವರಿಗೆ ಸೈಮಾ ಹೇಳಿದ್ದು ಒಂದೇ ಮಾತು: "ಈ ಬೀದೀಲಿ ಇನ್ನು ಯಾರೂ ಸಲಿಕೆ ಮುಟ್ಟಬಾರದು. ಎಲ್ಲಾರೂ ಸೇರಿ ಹಿಮ ತೂರೋ ಒಂದು ಯಂತ್ರ ತರೋಣ."

ಅಂಗಡಿಯಲ್ಲಿ ಗಂಡಸರ ಕಣ್ಣೆಲ್ಲ ದೊಡ್ಡ ದೀಪವಿದ್ದ ಹೊಳೆಯುವ ಕೆಂಪು ಯಂತ್ರದ ಮೇಲಿತ್ತು. ಸೈಮಾ ಮಂಡಿಯೂರಿ ಕೂತು ಅದರ ಬಾಯೊಳಗೆ ಇಣುಕಿದಳು.

"ಇದರಲ್ಲಿ ಹಿಮ ಬಾಚೋ ಸುರುಳಿ ಮಾತ್ರ ಇದೆ. ಹಿಂದೆ ತೂರೋ ಚಕ್ರ ಎಲ್ಲಿ?" ಎಂದು ಕೇಳಿದಳು.

"ಇದು ಹಗುರ ಅಲ್ವಾ, ನಿಮ್ಮಂಥೋರಿಗೆ ಅನುಕೂಲ," ಎಂದ ಅಂಗಡಿಯವನು.

"ಪುರಿ ಥರದ ಹಿಮಕ್ಕೆ ಅನುಕೂಲ. ಊರಿನ ಲಾರಿ ರಸ್ತೆ ಬಳಿದು ನಮ್ಮ ಬಾಗಿಲಿಗೆ ಗುಡ್ಡೆ ಹಾಕಿ ಹೋಗತ್ತಲ್ಲ, ಮುದ್ದೆ ಥರ, ಅದನ್ನ ಇದು ನುಂಗತ್ತಾ? ಗೇರಿನ ಡಬ್ಬಿ ಕಬ್ಬಿಣದ್ದಿರೋದು ತೋರಿಸಪ್ಪ."

ಕೊನೆಗೆ ಮೂಲೆಯಲ್ಲಿದ್ದ ಮಂಕು ಹಸಿರು ಬಣ್ಣದ, ಎಮ್ಮೆಯಂಥ ಭಾರದ ಯಂತ್ರ ಬೀದಿಗೆ ಬಂತು. ಅದನ್ನು ಸೈಮಾಳ ಶೆಡ್ಡಿನಲ್ಲೇ ಇಟ್ಟರು. ಹಿಮ ಮುಗಿದೊಡನೆ ಅವಳು ಪೆಟ್ರೋಲನ್ನೆಲ್ಲ ಬಸಿಯುತ್ತಿದ್ದಳು. ಬೇಸಿಗೆಯಿಡೀ ಒಳಗೇ ಉಳಿದರೆ ಅದು ಅಂಟಾಗಿ ಕಾರ್ಬುರೇಟರು ಕಟ್ಟಿಕೊಳ್ಳುತ್ತದೆ. ಎಣ್ಣೆ ಬದಲಿಸಿ, ಬೆಲ್ಟಿನ ಬಿರುಕು ನೋಡಿ, ಜಲ್ಲಿಯ ಅಂಗಳಕ್ಕೆ ತಕ್ಕಂತೆ ಯಂತ್ರದ ಬಾಯಿಯನ್ನು ಅರ್ಧ ಬೆರಳು ಮೇಲಕ್ಕೆತ್ತಿ ಕಟ್ಟುತ್ತಿದ್ದಳು. ಸುರುಳಿಗೆ ಕಲ್ಲು ಸಿಕ್ಕಿದರೆ ತಾನು ಮುರಿದು ಗೇರನ್ನು ಉಳಿಸುವ ಮೆತ್ತನೆಯ ಪಿನ್ನುಗಳು ಸದಾ ಅವಳ ಕೋಟಿನ ಜೇಬಿನಲ್ಲಿರುತ್ತಿದ್ದವು. "ಗಟ್ಟಿ ಬೋಲ್ಟು ಹಾಕಿಬಿಡು, ಪದೇ ಪದೇ ಮುರಿಯಲ್ಲ," ಎಂದು ಪಕ್ಕದ ಮನೆಯ ವೈನೊ ಪೆಲ್ಟೊ ಪ್ರತಿವರ್ಷ ಬುದ್ಧಿ ಹೇಳುತ್ತಿದ್ದ. "ಮುರಿಯೋದೇ ಅದರ ಕೆಲಸ ಕಣೋ," ಎನ್ನುತ್ತಿದ್ದಳು ಸೈಮಾ.

ಎದುರು ಮನೆಯ ಎಲ್ಮಾ ರುವೋನಾ ಆರನೆಯ ತರಗತಿಯಿಂದ ಅವಳ ಗೆಳತಿ. ಪ್ರತಿ ಶನಿವಾರ ಇಬ್ಬರೂ ಸೈಮಾಳ ಹಿತ್ತಲ ಸೌನಾದ ಬಿಸಿ ಆವಿಯಲ್ಲಿ ಬೆವರುತ್ತ ಕೂತಿರುತ್ತಿದ್ದರು. ಮಕ್ಕಳಿಗೂ ಹೇಳದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಜಾಗ ಅದು. ಹತ್ತನೆಯ ಚಳಿಗಾಲ ಮುಗಿಯುವ ಹೊತ್ತಿಗೆ ಸೈಮಾ ತನ್ನ ಎಡಗೈ ಚಾಚಿ ತೋರಿಸಿದಳು.

"ಯಂತ್ರ ಹಿಡಿದು ಹಿಡಿದು ಈ ಮೂರು ಬೆರಳು ಬೆಳ್ಳಗಾಗ್ತವೆ ಕಣೆ. ಜೋಮು. ಮೊನ್ನೆ ಬಿಸಿ ಪಾತ್ರೆ ಮುಟ್ಟಿದ್ದೂ ಗೊತ್ತಾಗ್ಲಿಲ್ಲ. ಯಾರಿಗೂ ಹೇಳಬೇಡ."

"ನನ್ನ ಬಾಯಿಂದ ಬರತ್ತೇನೇ?" ಎಂದು ಎಲ್ಮಾ ಆ ಬೆರಳುಗಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ತಿಕ್ಕಿದಳು.

ಮರುವರ್ಷ ಅಕ್ಟೋಬರಿನಲ್ಲಿ ಸೈಮಾಳ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಚೇತರಿಸಿಕೊಳ್ಳಲು ದೂರದ ಊರಿನ ತಂಗಿಯ ಮನೆಯಲ್ಲಿ ಐದು ವಾರ ಉಳಿದಳು. ಎಲ್ಮಾ ಎರಡು ಸಲ ಅಷ್ಟು ದೂರ ಕಾರು ಓಡಿಸಿಕೊಂಡು ಬಂದು, ಏಲಕ್ಕಿ ಹಾಕಿದ ಬ್ರೆಡ್ಡು ಕೊಟ್ಟು, ಬೀದಿಯ ಸುದ್ದಿಯೆಲ್ಲ ಹೇಳಿ ಹೋದಳು. ಎಲ್ಲ ಅಂದರೆ, ಒಂದನ್ನು ಬಿಟ್ಟು.

ಮನೆಗೆ ಮರಳಿದ ದಿನ ಸೈಮಾ ಊರುಗೋಲು ಹಿಡಿದು ಶೆಡ್ಡಿಗೆ ಹೋದಳು. ಯಂತ್ರವಿರಲಿಲ್ಲ. ಬೀಗ ಒಡೆದಿರಲಿಲ್ಲ. ಇನ್ನೊಂದು ಬೀಗದ ಕೈ ಇದ್ದದ್ದು ಎಲ್ಮಾಳ ಹತ್ತಿರ ಮಾತ್ರ.

ಮೊದಲು ಎದುರಿಗೆ ಸಿಕ್ಕವನು ವೈನೊ. ಅವನು ಟೋಪಿ ತೆಗೆದು ಕೈಯಲ್ಲಿ ಹಿಂಡಿದ.

"ನಿಂಗೆ ಹೇಳಿಲ್ವಾ? ಎಲ್ಮಾ ಹೇಳಿರ್ತಾಳೆ ಅಂದ್ಕೊಂಡಿದ್ವಿ. ಮೀಟಿಂಗ್ ಮಾಡಿದ್ವಿ ಸೈಮಾ. ಈ ಸಲದಿಂದ ಅವಳ ಅಳಿಯ ಕರ್ಟಿಸ್ ದುಡ್ಡಿಗೆ ಬಂದು ಬಳೀತಾನೆ. ಯಂತ್ರಾನೂ ಅವನಿಗೇ ಕೊಟ್ವಿ."

"ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳೋಣ ಅಂತ ನಾನೇ ಅಂದೆ. ಆದ್ರೆ ನಿನ್ನ ಕೈ ಸ್ವಾಧೀನದಲ್ಲಿಲ್ಲ, ಬಿಸಿನೂ ಗೊತ್ತಾಗಲ್ಲ, ಯಾವತ್ತಾದ್ರೂ ಸುರುಳಿಗೆ ಕೈ ಕೊಟ್ಟುಬಿಡ್ತೀಯ ಅಂದ್ಲು ಎಲ್ಮಾ. ಆಮೇಲೆ ಯಾರೂ ಉಸಿರೆತ್ತಲಿಲ್ಲ."

ಸೈಮಾಳಿಗೆ ಕಿವಿ ಕಾದಂತಾಯಿತು. ಹನ್ನೊಂದು ವರ್ಷದಲ್ಲಿ ಅವಳು ಒಮ್ಮೆಯೂ ಯಂತ್ರದ ಬಾಯಿಗೆ ಕೈ ಹಾಕಿದವಳಲ್ಲ. ಹಿಮ ಸಿಕ್ಕಿಕೊಂಡರೆ ಎಂಜಿನ್ ಆರಿಸಿ, ಕೋಲಿನಿಂದಲೇ ಬಿಡಿಸುತ್ತಿದ್ದಳು. ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಎಲ್ಮಾ.

ರಸ್ತೆ ದಾಟಲು ಹತ್ತು ನಿಮಿಷ ಹಿಡಿಯಿತು. ಎಲ್ಮಾ ಬಾಗಿಲು ತೆರೆದವಳೇ ಅರ್ಥ ಮಾಡಿಕೊಂಡಳು.

"ನಿನ್ನ ಒಳ್ಳೇದಕ್ಕೇ ಕಣೆ ಸೈಮಾ. ಆರ್ವಿಡ್ ಥರ ನೀನೂ ಅಲ್ಲೇ ಬೀಳೋದು ನಾನು ನೋಡ್ಬೇಕಿತ್ತಾ?"

"ಆ ಭಯ ಇದ್ದಿದ್ರೆ ನನ್ನ ಮುಂದೆ ಹೇಳಬೇಕಿತ್ತು. ಎರಡು ಸಲ ಬಂದಿದ್ದೆ. ನನ್ನ ಮಂಚದ ಮೇಲೇ ಕೂತಿದ್ದೆ."

"ಹೇಳಿದ್ರೆ ನೀನು ಒಪ್ತಿದ್ಯಾ? ಕರ್ಟಿಸ್‌ಗೆ ಕೆಲಸ ಇರ್ಲಿಲ್ಲ, ಮಗಳು ಅಳ್ತಿದ್ಲು…"

"ಹಾಗೆ ಕೇಳಿದ್ರೆ ಯಂತ್ರಾನ ನಾನೇ ಅವನ ಅಂಗಳಕ್ಕೆ ತಳ್ಕೊಂಡು ಹೋಗಿ ಕೊಡ್ತಿದ್ದೆ," ಎಂದಳು ಸೈಮಾ. "ನೀನು ಕೇಳಲಿಲ್ಲ. ನನ್ನ ಕೈಯ ಗುಟ್ಟನ್ನ ನೀನು ಮಾರಿಕೊಂಡೆ."

ಎಲ್ಮಾ ಅತ್ತಳು. ಸೈಮಾಳಿಗೆ ಅಳು ಬರಲಿಲ್ಲ, ಬಂದಿದ್ದರೆ ಹಗುರವಾಗುತ್ತಿತ್ತೇನೋ.

ಡಿಸೆಂಬರಿನ ಮೊದಲ ಬಿರುಗಾಳಿ ಕಳೆದ ಬೆಳಿಗ್ಗೆ, ಹಾಸಿಗೆಯಿಂದ ಏಳುವ ಮೊದಲೇ ಅವಳಿಗೆ ಆ ಸದ್ದು ಕೇಳಿಸಿತು. ಮಲಗಿದ್ದಲ್ಲಿಂದಲೇ ಅವಳಿಗೆ ಬೆಲ್ಟು ಜಾರುತ್ತಿರುವುದೂ ಚೋಕು ಹಾಗೇ ಎಳೆದು ಬಿಟ್ಟಿರುವುದೂ ಗೊತ್ತಾಯಿತು. ಕಿಟಕಿಯ ಪರದೆ ಸರಿಸಿದರೆ, ಕರ್ಟಿಸ್ ಅವಳದೇ ಯಂತ್ರದಲ್ಲಿ ಅವಳದೇ ಮೆಟ್ಟಿಲ ಮುಂದೆ ದಾರಿ ಬಿಡಿಸುತ್ತಿದ್ದ. ಸೈಮಾ ಬಾಗಿಲು ತೆರೆದು ಕೈ ಎತ್ತಿದಳು. ಅವನು ಎಂಜಿನ್ ಆರಿಸಿದ.

"ಸೈಮಾ ಆಂಟಿ, ನಿಮ್ಮ ಮನೇದು ಪುಕ್ಕಟೆ. ಅತ್ತೆ ಹೇಳಿದ್ದಾರೆ."

"ನನ್ನ ಅಂಗಳ ಬಿಡು ಕರ್ಟಿಸ್. ನಿನ್ನ ಮೇಲೆ ಕೋಪ ಇಲ್ಲ. ಬೆಲ್ಟು ಬದಲಿಸು, ಇಲ್ಲಾಂದ್ರೆ ನಡುದಾರೀಲಿ ಕೈ ಕೊಡತ್ತೆ."

ಅವನು ಹಸಿರು ಯಂತ್ರವನ್ನು ತಿರುಗಿಸಿಕೊಂಡು ಹೋದ. ಸೈಮಾ ಬಾಗಿಲು ಹಾಕಿಕೊಂಡಳು. ಆ ವಾರವೇ ತನ್ನೊಬ್ಬಳ ಅಂಗಳಕ್ಕೆ ಸಾಕಾಗುವ, ಬ್ಯಾಟರಿಯ ಚಿಕ್ಕ ಯಂತ್ರ ತಂದಳು. ಅದರ ಹಿಡಿ ಅಷ್ಟು ನಡುಗುತ್ತಿರಲಿಲ್ಲ. ಮುದ್ದೆ ಹಿಮವನ್ನು ಅದು ಒಂದೇ ಸಲಕ್ಕೆ ನುಂಗಲಾರದು. ಅವಳು ಪದರ ಪದರವಾಗಿ ಕೊರೆದು, ನಡುನಡುವೆ ಒಳಗೆ ಹೋಗಿ ಕೈ ಬಿಸಿ ಮಾಡಿಕೊಂಡು ಬರುತ್ತಿದ್ದಳು. ಶನಿವಾರದ ಸೌನಾಕ್ಕೆ ಒಬ್ಬಳಿಗೆ ಸಾಲುವಷ್ಟೇ ಸೌದೆ ಹಾಕಿದಳು.

ಕರ್ಟಿಸ್ ಕೆಲಸಗೇಡಿಯೇನಲ್ಲ. ಎರಡು ಚಳಿಗಾಲ ಹೊತ್ತಿಗೆ ಸರಿಯಾಗಿ ಬಂದ. ಬೀದಿಯವರಿಗೆ ತಾವು ಮಾಡಿದ್ದು ತಪ್ಪೆಂದು ಅನ್ನಿಸುವ ಸಂದರ್ಭವೇ ಬರಲಿಲ್ಲ. ಸೈಮಾಳಿಗೆ ಹೆಚ್ಚು ಚುಚ್ಚಿದ್ದು ಅದೇ. ಮೂರನೆಯ ವರ್ಷ ಅವನಿಗೆ ದಕ್ಷಿಣದ ಊರಿನಲ್ಲಿ ಕಾರ್ಖಾನೆಯ ಕೆಲಸ ಸಿಕ್ಕಿತು. ಹಸಿರು ಯಂತ್ರವನ್ನೂ ಸೇರಿಸಿ ಸಾಮಾನೆಲ್ಲ ಮಾರಿ, ಹೆಂಡತಿ ಮಕ್ಕಳೊಡನೆ ಹೊರಟುಹೋದ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಎಲ್ಮಾ ಬಂದು ಬಾಗಿಲು ತಟ್ಟಿದಳು. ಸೊರಗಿದ್ದಳು. ಒಂದು ಚೀಟಿ ಮುಂದಿಟ್ಟು, "ಅಂಗಡಿಯೋರು ಈ ಮೂರು ಯಂತ್ರದ ಹೆಸರು ಬರೆದುಕೊಟ್ಟಿದ್ದಾರೆ. ನಂಗೇನೂ ತಿಳಿಯಲ್ಲ. ಯಾವುದು ತಗೊಳ್ಲಿ?" ಎಂದಳು.

ಸೈಮಾ ಕನ್ನಡಕ ಹಾಕಿಕೊಂಡು ಚೀಟಿ ಓದಿದಳು. ಎಲ್ಮಾಳ ಅಂಗಳ ಇಳಿಜಾರು, ಅವಳ ಭುಜದಲ್ಲಿ ನೋವಿದೆ, ದಾರಿಯ ತುದಿಗೆ ಲಾರಿಯ ಗುಡ್ಡೆ ಬೀಳುತ್ತದೆ. ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಎರಡನೆಯದರ ಕೆಳಗೆ ಗೆರೆ ಎಳೆದಳು. "ಇದು ತಾನೇ ಮುಂದಕ್ಕೆ ಹೋಗತ್ತೆ, ನೀನು ತಳ್ಳಬೇಕಾಗಿಲ್ಲ. ಹಿಡಿ ಬಿಟ್ಟ ತಕ್ಷಣ ಸುರುಳಿ ನಿಲ್ಲತ್ತಾ ಅಂತ ಅಂಗಡೀಲೇ ನೋಡಿ ತಗೋ. ಮೆತ್ತನೆ ಪಿನ್ನು ಒಂದು ಡಜನ್ ಇಟ್ಕೋ."

ಒಲೆಯ ಮೇಲೆ ಕಾಫಿ ಕುದಿಯುತ್ತಿತ್ತು. ಮನೆಯೆಲ್ಲ ಅದರದೇ ವಾಸನೆ. ಎಲ್ಮಾ ಒಂದು ಗಳಿಗೆ ನಿಂತಳು. ಆ ಸೀಮೆಯಲ್ಲಿ ಮೀಟರು ಓದಲು ಬಂದವನಿಗೂ ಕಾಫಿ ಕೊಡದೆ ಕಳಿಸುವುದಿಲ್ಲ. ಸೈಮಾ ಚೀಟಿಯನ್ನು ಮಡಿಸಿ ಅವಳ ಕೈಗಿತ್ತು, ಬಾಗಿಲವರೆಗೆ ಬಂದು, "ಮೆಟ್ಟಿಲು ಒದ್ದೆ ಇದೆ, ನೋಡ್ಕೊಂಡು ಇಳಿ," ಎಂದಳು.