ಖಾಲಿ ಬಾಣಲೆಯ ಎದುರು

ಕಳೆದ ವಾರ ರಾಮನಗರದಲ್ಲಿ ಬಸ್ಸಿಳಿದು ನನ್ನ ಹಳೆಯ ಬೀದಿಗೆ ಹೊರಳಿದಾಗ ಬೆಂದ ರೇಷ್ಮೆಗೂಡಿನ ನಾತ ಮೂಗಿಗೆ ಬಡಿಯಿತು. ಹೊರಗಿನವರಿಗೆ ಅದು ಹೊಟ್ಟೆ ತೊಳಸುವ ವಾಸನೆ. ನನಗೆ ಪಕ್ಕದ ಮನೆಯ ಚಾಚಾ ನೆನಪಾದರು...

ಚಾಚಾ ಆಗಲೇ ಮೂವತ್ತು ವರ್ಷ ನೂಲು ತೆಗೆದಿದ್ದವರು. ಬಿಸಿನೀರಿನ ಬಾಣಲೆಯಲ್ಲಿ ಅವರು ಗೂಡಿನ ಎಳೆ ಹುಡುಕಿ ಕೊಟ್ಟರೆ, ಚಾಚಿ ಕೂತು ಚರಕ ತಿರುಗಿಸುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ. ನಾನಾಗ ಅಸಂಗತ ನಾಟಕದ ಹುಚ್ಚು ಹತ್ತಿದ್ದ ಹೊಸ ಮೇಷ್ಟ್ರು. ಬದುಕಿಗೆ ಅರ್ಥವಿಲ್ಲವೆಂದು ಪುಸ್ತಕ ಓದಿ ಕಲಿತಿದ್ದೆ, ಅದನ್ನು ಊರಿಗೆಲ್ಲ ಕಲಿಸುವ ಉಮೇದು ಬೇರೆ! ಒಬ್ಬ ಮನುಷ್ಯ ಖಾಲಿ ಬಾಣಲೆಯಲ್ಲಿ ಅರ್ಧ ಗಂಟೆ ಎಳೆ ಹುಡುಕುತ್ತಾನೆ. ಕೊನೆಗೆ ಎದ್ದು, “ಏನೂ ಇಲ್ಲ, ಯಾವತ್ತೂ ಇರಲಿಲ್ಲ” ಎನ್ನುತ್ತಾನೆ. ಇಷ್ಟೇ ನನ್ನ ನಾಟಕ. ಪಾತ್ರಕ್ಕೆ ಚಾಚಾರನ್ನೇ ಹಿಡಿದೆ.

ತಾಲೀಮಿನಲ್ಲಿ ಅವರು ಖಾಲಿ ಬಾಣಲೆಗೆ ಕೈ ಹಾಕಿದರೂ ಸುಟ್ಟವರಂತೆ ಬೆರಳು ಕೊಡವುತ್ತಿದ್ದರು. ಕೊನೆಯ ಮಾತು ಒಂದು ಸಲವೂ ತಪ್ಪಲಿಲ್ಲ. ಪ್ರದರ್ಶನದ ದಿನ ಚಾಚಿ ಹಬ್ಬದ ಸೀರೆಯುಟ್ಟು ಬಂದು ಮೊದಲ ಸಾಲಿನಲ್ಲೇ ಕೂತರು.

ಕೊನೆಯ ಮಾತಿಗೆ ಚಾಚಾ ಎದ್ದರು. ಚಾಚಿಯನ್ನು ನೋಡಿದರು. ಮತ್ತೆ ಕೂತು, ಇಲ್ಲದ ಎಳೆಯೊಂದನ್ನು ಮೆಲ್ಲಗೆ ಎತ್ತಿ ಅವರ ಕಡೆ ನೀಡಿದರು. ಚಾಚಿ ಕೂತಲ್ಲೇ ಕೈ ತಿರುಗಿಸತೊಡಗಿದರು. ಜನ ಶಿಳ್ಳೆ ಹೊಡೆದರು, ಚಪ್ಪಾಳೆ ತಟ್ಟಿದರು. ನಾನು ಉರಿದುಹೋಗಿ ಪರದೆ ಎಳೆಸಿಬಿಟ್ಟೆ.

“ಮೂವತ್ತು ವರ್ಸ ತಿರುಗ್ಸವ್ಳೆ ಬೇಟಾ. ಏನೂ ಇರ್ನಿಲ್ಲ ಅಂತ ಅವ್ಳ ಮುಂದೆ ಎಂಗನ್ಲಿ?” ಎಂದರು ಚಾಚಾ.

“ನೂಲು ತೆಗೆಯೋರಿಗೆ ನಾಟಕ ಎಲ್ಲಿ ಅರ್ಥವಾಗುತ್ತೆ? ದಿನಾ ಮಾಡಿದ್ದನ್ನೇ ಮಾಡ್ಕೊಂಡು ಬಿದ್ದಿರಿ” ಎಂದೆ, ಎಲ್ಲರೆದುರಿಗೆ. ಅವರು ಬಣ್ಣ ಒರೆಸಿಕೊಂಡು ಹೊರಟುಹೋದರು. ಆಮೇಲೆ ನನಗೆ ಮಾಗಡಿಗೆ ವರ್ಗವಾಯಿತು. ಹೋಗುವ ಮುಂಚೆ ಒಂದು ಮಾತಾಡಬಹುದಿತ್ತು... ಆಡಲಿಲ್ಲ. ಅಷ್ಟು ಸೊಕ್ಕು ನನಗೆ.

ಈ ಸಲ ಬಾಗಿಲು ತೆರೆದವರು ಚಾಚಿ. ಚಾಚಾ ತೀರಿಕೊಂಡು ಎರಡು ವರ್ಷವಾಯಿತಂತೆ. ಚಹಾ ಕೊಡುತ್ತಾ ಅವರು ಬೇಸರವಿಲ್ಲದೆ ಹೇಳಿದರು: “ನಿಮ್ ನಾಟ್ಕ ಆದ್ಮ್ಯಾಲೆ ಒಂಥರಾ ಆಗೋದ್ರು ಮೇಷ್ಟ್ರೇ. ಕೆಲ್ಸದ ಮಧ್ಯೆ ಕೈ ನಿಲ್ಸಿ ನೀರ್ನೇ ನೋಡ್ತಾ ಕೂತ್ಬುಡೋರು. ಯಾಕ್ರೀ ಅಂದ್ರೆ, ‘ದಿನಾ ಇದೇ ಅಲ್ವಾ’ ಅನ್ನೋರು.”

ಲೋಟ ಕೆಳಗಿಟ್ಟೆ. ನನ್ನ ನಾಟಕ ಊರಲ್ಲಿ ಒಬ್ಬರಿಗಾದರೂ ಅರ್ಥವಾಗಿತ್ತು. ಆಗದೇ ಇದ್ದಿದ್ದರೆ ಚೆನ್ನಾಗಿತ್ತು.