ಅತ್ತೆಗೆ ಕುಣಿಗಲ್‌ನಲ್ಲಿ ಮಾತ್ರ ಹಸಿವು

ನನ್ನ ವಾರಗಿತ್ತಿಗೆ ಸಾರು ಮಾಡಲು ಬರುವುದಿಲ್ಲ. ಇದು ಹೊಟ್ಟೆಕಿಚ್ಚಿಗೆ ಹೇಳುತ್ತಿರುವ ಮಾತಲ್ಲ. ಹೊಟ್ಟೆಕಿಚ್ಚಿಗೆ ಹೇಳುವ ಮಾತುಗಳು ಬೇಕಾದಷ್ಟಿವೆ, ಮುಂದೆ ಬರುತ್ತವೆ. ಅವಳು ಮಾಡಿದ ಹುರುಳಿಕಾಳಿನ ಸಾರಿನಲ್ಲಿ ಕಾಳು ಒಂದು ಕಡೆ, ನೀರು ಒಂದು ಕಡೆ. ಮುದ್ದೆ ಮುರಿದರೆ ಒಳಗೆ ಹಸಿಹಿಟ್ಟಿನ ಗಂಟು. ಅಂಥವಳ ಮನೆಯಲ್ಲಿ ನಮ್ಮ ಅತ್ತೆ ಹೊಟ್ಟೆ ತುಂಬ ಉಣ್ಣುತ್ತಿದ್ದರು. ನನ್ನ ಮನೆಯಲ್ಲಿ ಉಣ್ಣುತ್ತಿರಲಿಲ್ಲ.

ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಮಾತಾಡಿಕೊಂಡು ಒಂದು ಏರ್ಪಾಡು ಮಾಡಿದ್ದರು. ಎರಡು ತಿಂಗಳು ಗುಬ್ಬಿಯಲ್ಲಿ ನಮ್ಮ ಮನೆ, ಎರಡು ತಿಂಗಳು ಕುಣಿಗಲ್‌ನಲ್ಲಿ ಮೈದುನನ ಮನೆ. ಅತ್ತೆ ಒಂದು ಬಟ್ಟೆಚೀಲ ಹಿಡಿದು ಬರುತ್ತಿದ್ದರು, ಅದೇ ಚೀಲ ಹಿಡಿದು ಹೋಗುತ್ತಿದ್ದರು. ನಾನು ಗುಬ್ಬಿಯ ಕಚೇರಿಯೊಂದರಲ್ಲಿ ಗುಮಾಸ್ತೆ. ವಾರಗಿತ್ತಿ ಕುಣಿಗಲ್‌ನಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾಳೆ.

ಒಂದು ದಿನ ಅತ್ತೆ ನಮ್ಮ ಮನೆಯ ಬಚ್ಚಲಿನಲ್ಲಿ ತಲೆ ಸುತ್ತಿ ಕೂತುಬಿಟ್ಟರು. ತುಮಕೂರಿಗೆ ಕರೆದುಕೊಂಡು ಹೋದೆವು. ರಕ್ತ, ಮೂತ್ರ, ಎದೆಯ ಫೋಟೋ ಎಲ್ಲ ನೋಡಿದ ಡಾಕ್ಟರು, "ಕಾಯಿಲೆ ಏನೂ ಇಲ್ಲ. ಅಜ್ಜಿ ಹೊಟ್ಟೆಗೆ ಸರಿಯಾಗಿ ತಿಂತಿಲ್ಲ. ಮನೇಲಿ ಊಟ ಕೊಡೋರು ಯಾರು?" ಎಂದರು. ಗಂಡ ನನ್ನ ಕಡೆ ನೋಡಿದರು. ಅತ್ತೆಯ ತೂಕ ಮೂವತ್ತೆಂಟು ಕೆಜಿ. ಹೀಗೇ ಇಳಿಯುತ್ತಾ ಹೋದರೆ ಹಾಸಿಗೆ ಹಿಡಿಯುತ್ತಾರೆ, ಆಮೇಲೆ ಎಬ್ಬಿಸುವುದು ಕಷ್ಟ ಎಂದು ಡಾಕ್ಟರು ಹೇಳಿದಾಗ ನನಗೆ ಅತ್ತೆಯ ಮೇಲೆ ಮರುಕ ಬರಬೇಕಿತ್ತು. ಬಂದದ್ದು ಅವಮಾನ.

ಅವತ್ತಿನಿಂದ ನಾನು ಟೊಂಕ ಕಟ್ಟಿ ನಿಂತೆ. ಬೆಳಿಗ್ಗೆ ರಾಗಿ ಗಂಜಿಗೆ ಹಾಲು, ಹನ್ನೊಂದಕ್ಕೆ ಬಾಳೆಹಣ್ಣು, ಮಧ್ಯಾಹ್ನ ಮೆತ್ತಗಿನ ಮುದ್ದೆ, ಸೊಪ್ಪು, ತೊವ್ವೆ, ಬೇಯಿಸಿದ ಮೊಟ್ಟೆ. ಕಚೇರಿ ಹತ್ತಿರವೇ ಇದ್ದದ್ದರಿಂದ ಒಂದು ಗಂಟೆಗೆ ಓಡಿ ಬರುತ್ತಿದ್ದೆ. ಮನೆಯಲ್ಲಿ ಯಾರಿಗೂ ಬಡಿಸುವ ಮೊದಲು ಅತ್ತೆಗೆ. ಅವರು ಉಂಡು ಏಳುವ ತನಕ ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಹಿರಿಯರಿಗೆ ಇದಕ್ಕಿಂತ ಇನ್ನೇನು ಮರ್ಯಾದೆ ಮಾಡಬೇಕು? ಅವರು ನಾಲ್ಕು ತುತ್ತು ನುಂಗಿ, "ಸಾಕು ಕಣಮ್ಮ, ಇಳಿಯಾಕಿಲ್ಲ" ಎಂದು ತಟ್ಟೆ ಸರಿಸುತ್ತಿದ್ದರು. ನಾನು ನೀರು ತಂದಿಡುವಷ್ಟರಲ್ಲಿ ಮೊಟ್ಟೆ ಮಾತ್ರ ಕಾಣೆಯಾಗಿರುತ್ತಿತ್ತು. ಅದೊಂದಾದರೂ ತಿನ್ನುತ್ತಾರಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಒಂದು ದಿನ ಕಿಟಕಿಯಿಂದ ನೋಡುತ್ತೇನೆ, ಅತ್ತೆ ಸೆರಗಿನಿಂದ ಮೊಟ್ಟೆ ತೆಗೆದು ಬೀದಿನಾಯಿಗೆ ಹಾಕುತ್ತಿದ್ದಾರೆ. ಆ ನಾಯಿಯ ಮೈಯಂತೂ ಮಿರಮಿರ ಮಿಂಚುತ್ತಿತ್ತು.

ಸರದಿ ಮುಗಿದು ಕುಣಿಗಲ್‌ಗೆ ಹೋದ ಅತ್ತೆ ಎರಡು ತಿಂಗಳಾದ ಮೇಲೆ ಎರಡೂವರೆ ಕೆಜಿ ಹೆಚ್ಚಾಗಿ ಬಂದರು. ಕೆನ್ನೆಯಲ್ಲಿ ಒಂದಿಷ್ಟು ಹೊಳಪು. ತುಮಕೂರಿನ ಡಾಕ್ಟರು, "ಚೆನ್ನಾಗಿ ನೋಡ್ಕೊಂಡಿದೀರಮ್ಮ" ಎಂದು ನನ್ನನ್ನು ಹೊಗಳಿದರು. ನಾನಲ್ಲ, ನನ್ನ ವಾರಗಿತ್ತಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹೊಗಳಿಕೆಯನ್ನು ಬಾಯಿಗೆ ಹಾಕಿಕೊಂಡೆ, ಕಹಿಯಾಗಿತ್ತು.

ಮತ್ತೆ ನನ್ನ ಸರದಿ. ಮತ್ತೆ ತೂಕ ಇಳಿಯಿತು. ಆಗ ಗಂಡ ಒಂದು ಸಂಜೆ ನನ್ನ ಮುಖ ನೋಡದೆ, "ಅಮ್ಮ ಅಲ್ಲೇ ಇರ್ಲಿ ಬಿಡು. ಅಲ್ಲಿ ಒಗ್ಗುತ್ತೆ" ಎಂದರು. ವಾರಗಿತ್ತಿಯೂ ಫೋನಿನಲ್ಲಿ, "ಅಕ್ಕ, ನೀವು ಕೆಲ್ಸಕ್ಕೆ ಹೋಗೋರು, ಯಾಕೆ ಪೇಚಾಡ್ತೀರಾ, ಇಲ್ಲೇ ಇರ್ಲಿ ಬುಡಿ" ಎಂದಳು. ಅವಳ ದನಿಯಲ್ಲಿ ಕೊಂಕು ಹುಡುಕಿದೆ. ಸಿಗಲಿಲ್ಲ. ಅದಕ್ಕೇ ಇನ್ನೂ ಉರಿಯಿತು. ನಾನು ದೊಡ್ಡ ಸೊಸೆ. ಮದುವೆಯಾಗಿ ಇಪ್ಪತ್ತಾರು ವರ್ಷ. ಅತ್ತೆಯನ್ನು ಉಪವಾಸ ಕೆಡವಿದವಳು ಎಂಬ ಹೆಸರು ಹೊತ್ತುಕೊಂಡು ನಾನು ಈ ನೆಂಟರ ಮದುವೆಗಳಿಗೆಲ್ಲ ಹೇಗೆ ಹೋಗಲಿ?

ಅತ್ತೆ ಕುಣಿಗಲ್‌ಗೆ ಹೋದ ಮೇಲೆ ಒಂದು ಎರಡನೇ ಶನಿವಾರ, ಹೇಳದೆ ಕೇಳದೆ ನಾನೂ ಹೊರಟೆ. ತುಮಕೂರಿನಲ್ಲಿ ಬಸ್ಸು ಬದಲಿಸಿ ಹೆಬ್ಬೂರು ದಾಟುವ ತನಕ ಒಂದೇ ಯೋಚನೆ: ಏನು ಹಾಕುತ್ತಾಳೆ ಅವಳು ತಟ್ಟೆಗೆ? ಯಾವುದಾದರೂ ಟಾನಿಕ್ಕೋ? ಬಾಡೂಟವೋ? ನನಗೆ ಹೇಳದೆ ಬಚ್ಚಿಟ್ಟ ಏನೋ ಇದ್ದೇ ಇರಬೇಕು.

ಹೋದಾಗ ಒಂದೂವರೆ. ಅತ್ತೆ ಒಬ್ಬರೇ ಹೊಸಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಊಟವಾಗಿರಲಿಲ್ಲ. ನೋಡಿದಿರಾ, ವಯಸ್ಸಾದವರನ್ನು ಈ ಹೊತ್ತಿನ ತನಕ ಕಾಯಿಸುತ್ತಾಳೆ ಎಂದು ಒಳಗೊಳಗೇ ಖುಷಿಪಟ್ಟೆ. ಎರಡು ಗಂಟೆಗೆ ವಾರಗಿತ್ತಿ ಅಂಗಡಿಯಿಂದ ಬಂದಳು. ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ನನ್ನನ್ನು ನೋಡುವ ಮೊದಲೇ ಬಾಗಿಲಿನಿಂದ ಕೂಗಿದಳು.

"ಅತ್ತೆಮ್ಮೋ, ಹೊಟ್ಟೆ ಹಸ್ದು ಪ್ರಾಣ ಹೋಗ್ತೈತೆ. ಇಕ್ಕು ಬಾ!"

ಅತ್ತೆಗೆ ಏಕವಚನ! ನಾನು ಇಪ್ಪತ್ತಾರು ವರ್ಷದಿಂದ ನೀವು ಎನ್ನುತ್ತಿದ್ದೇನೆ. ಅತ್ತೆ ಏನೂ ಅಂದುಕೊಳ್ಳಲಿಲ್ಲ. "ಬಂದ್ಳು ನೋಡು ಬಕಾಸುರಿ. ಕೈಕಾಲಾದ್ರೂ ತೊಳ್ಕಳೇ" ಎಂದು ಬೈಯುತ್ತಲೇ ಮಂಡಿ ಹಿಡಿದು ಎದ್ದರು. ವಾರಗಿತ್ತಿ ನನಗೂ ತಟ್ಟೆ ಹಾಕಲು ಬಂದಳು. ನನ್ನ ಹೊಟ್ಟೆ ಚುರುಗುಡುತ್ತಿತ್ತು. "ಬಸ್‌ಸ್ಟ್ಯಾಂಡಲ್ಲೇ ಆಯ್ತು" ಎಂದು ಸುಳ್ಳು ಹೇಳಿದೆ.

ಅತ್ತೆ ಅವಳಿಗೆ ಮುದ್ದೆ ಇಟ್ಟರು, ನಡುವೆ ಗುಳಿ ಮಾಡಿ ಸಾರು ಬಿಟ್ಟರು. "ಉಪ್ಪೇ ಹಾಕಿಲ್ವಲ್ಲೇ, ಮೂದೇವಿ" ಎಂದು ತಾವೇ ಉಪ್ಪು ಕದಡಿದರು. ಅವಳು ಚಪ್ಪರಿಸಿಕೊಂಡು ಉಂಡಳು, ಇನ್ನೊಂದು ಸಲ ಹಾಕಿಸಿಕೊಂಡಳು. ಅವಳು ಕೈ ತೊಳೆಯಲು ಎದ್ದ ಮೇಲೆ ಅತ್ತೆ ಪಾತ್ರೆಯನ್ನೇ ಹತ್ತಿರ ಎಳೆದುಕೊಂಡು ಕೂತರು. ಗಂಟು ಗಂಟಾದ ಒಂದು ಇಡೀ ಮುದ್ದೆ, ಆ ನೀರುಸಾರಿನಲ್ಲಿ, ನನ್ನ ಕಣ್ಣೆದುರಿಗೇ ಇಳಿದುಹೋಯಿತು.

"ಮೊದ್ಲೇ ಉಣ್ಣಬಾರ್ದಾ ಅತ್ತೆ?" ಎಂದು ಕೇಳಿದೆ.

"ದುಡ್ಕಂಡು ಬರೋರು ಉಣ್ಣಕ್ ಮುಂಚೆ ತಟ್ಟೆ ಮುಂದೆ ಕೂತ್ರೆ ಕದ್ದು ತಿಂದಂಗಾಯ್ತದೆ ಕಣಮ್ಮ" ಎಂದರು.

ಅತ್ತೆ ಚೇಳೂರಿನ ಹತ್ತಿರದ ಹಳ್ಳಿಯಲ್ಲಿ ಹದಿನಾಲ್ಕು ಜನಕ್ಕೆ ಬೇಯಿಸಿ, ಎಲ್ಲರೂ ಎದ್ದ ಮೇಲೆ ಪಾತ್ರೆಯ ಬುಡದಲ್ಲಿ ಉಳಿದದ್ದನ್ನು ಉಂಡು ಬಾಳಿದವರು. ಅವರನ್ನು ನಾನು ಮೊದಲ ಪಂಕ್ತಿಗೆ ಕೂರಿಸಿ, ಪಹರೆ ನಿಂತು, ತುತ್ತು ಎಣಿಸಿದ್ದೆ. ಇಷ್ಟು ಅರ್ಥವಾಗಲು ಎರಡು ಬಸ್ಸು ಹತ್ತಿ ಬರಬೇಕಾಯಿತು. ಆದರೆ ಬುದ್ಧಿ ಬಂತು ಎಂದು ಹೊಟ್ಟೆಯುರಿ ತಣ್ಣಗಾಗಲಿಲ್ಲ. ನಿಜ ಹೇಳುತ್ತೇನೆ, ಇನ್ನೂ ಹೆಚ್ಚಾಯಿತು. ಅತ್ತೆ ಅವಳಿಗೆ ಬಡಿಸಿದ್ದರು. ಬೈದು ಬಡಿಸಿದ್ದರು. ನನಗೆ ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಒಂದು ಸೌಟು ಸಾರು ಬಡಿಸಿರಲಿಲ್ಲ. ಬಡಿಸಲು ನಾನು ಬಿಟ್ಟಿರಲೂ ಇಲ್ಲ. ಕೆಲಸಕ್ಕೆ ಹೋಗುವ ಸೊಸೆ ಎಂದು ಯಾರೂ ಬೆರಳು ತೋರಿಸಬಾರದೆಂದು ಐದಕ್ಕೇ ಎದ್ದು ಅಡುಗೆ ಮುಗಿಸಿ, ನನ್ನ ಡಬ್ಬಿ ನಾನೇ ಕಟ್ಟಿಕೊಂಡು ಹೋಗುತ್ತಿದ್ದವಳು ನಾನು.

ಗುಬ್ಬಿಗೆ ಬಂದು ಗಂಡನ ಹತ್ತಿರ ಜಗಳವಾಡಿದೆ. ಇದೊಂದು ಸರದಿ ಅತ್ತೆಯನ್ನು ಇಲ್ಲಿಗೆ ಕಳಿಸಲಿ, ಉಣ್ಣದಿದ್ದರೆ ನಾನೇ ಕರೆದುಕೊಂಡು ಹೋಗಿ ಕುಣಿಗಲ್‌ನಲ್ಲಿ ಬಿಟ್ಟು ಬರುತ್ತೇನೆ, ಆಮೇಲೆ ತುಟಿ ಪಿಟಿಕ್ಕೆನ್ನುವುದಿಲ್ಲ ಎಂದೆ. ಅತ್ತೆ ಬಂದರು. ಮೊದಲ ಭಾನುವಾರ ಗಂಡ ತೋಟಕ್ಕೆ ಹೋಗಿದ್ದರು. ಅಡುಗೆ ಮುಗಿಸಿದೆ. ಒಂದು ಗಂಟೆಯಾಯಿತು. ಅತ್ತೆ ಅಭ್ಯಾಸದಂತೆ ಗೋಡೆಗೊರಗಿ, ಶಿಕ್ಷೆಗೆ ಕಾದವರ ಹಾಗೆ ಕೂತಿದ್ದರು. ನಾನು ಹೇಳಬೇಕಾದದ್ದು ಒಂದೇ ಒಂದು ಮಾತು. ಬಚ್ಚಲಿಗೆ ಹೋಗಿ ಅದನ್ನು ಎರಡು ಸಲ ಅಂದು ನೋಡಿದೆ. ಮೇಲಧಿಕಾರಿಯ ಮುಂದೆ ಕೂಡ ನನ್ನ ನಾಲಿಗೆ ಹೀಗೆ ಕಟ್ಟಿಕೊಂಡಿರಲಿಲ್ಲ. ಹೊರಗೆ ಬಂದು ಅವರ ಎದುರಿಗೆ ನೆಲದ ಮೇಲೆ ಕೂತೆ.

"ಅತ್ತೆ, ನಂಗೆ ತುಂಬ ಹಸಿವಾಗಿದೆ. ಬಡಿಸ್ತೀರಾ?"

ಅವರು ನನ್ನ ಮುಖವನ್ನೇ ನೋಡಿದರು. "ಹುಷಾರಿಲ್ವೇನೆ?" ಎಂದರು.

"ಹುಷಾರಾಗಿದೀನಿ. ಹಸಿವು ಅಷ್ಟೆ."

ಗೋಡೆ ಹಿಡಿದು ಎದ್ದರು. ಒಲೆಯ ಹತ್ತಿರ ಪಾತ್ರೆಗಳ ಮುಚ್ಚಳ ತೆಗೆದು ತೆಗೆದು ನೋಡಿದರು. ಎದ್ದು ಸೌಟು ಇಸಿದುಕೊಳ್ಳಬೇಕೆನಿಸಿದರೂ ನಾನು ಏಳಲಿಲ್ಲ. ಮುದ್ದೆ ಇಟ್ಟರು, ಗುಳಿ ಮಾಡಿ ಸಾರು ಬಿಟ್ಟರು, ಮೇಲೊಂದು ಚಮಚ ತುಪ್ಪ. "ತಿನ್ನು" ಎಂದರು. ನನ್ನದೇ ಅಡುಗೆ. ತಲೆ ಬಗ್ಗಿಸಿ ಉಂಡೆ. ಹೊಟ್ಟೆ ತುಂಬಿದ ಮೇಲೂ ತಟ್ಟೆ ಮುಂದೆ ಹಿಡಿದು ಇನ್ನೊಂದು ಸಲ ಹಾಕಿಸಿಕೊಂಡೆ. ಕುಣಿಗಲ್‌ನವಳಿಗೆ ಎರಡು ಸಲ ಹಾಕಿದ್ದನ್ನು ನಾನು ನೋಡಿದ್ದೆನಲ್ಲ.

ಆಮೇಲೆ ಅತ್ತೆ ಪಾತ್ರೆ ಎಳೆದುಕೊಂಡು ಕೂತರು. ನಾನು ಅವರ ಕಡೆ ನೋಡದೆ ನನ್ನ ತಟ್ಟೆಯನ್ನೇ ಬೆರಳಿನಿಂದ ಬಳಿಯುತ್ತಿದ್ದೆ. ಅವರು ತುತ್ತು ನುಂಗುವುದು ಕೇಳಿಸುತ್ತಿತ್ತು. ಅರ್ಧ ಮುದ್ದೆ ಮುಗಿದ ಮೇಲೆ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, ಮೆಲ್ಲಗೆ ಅಂದರು:

"ಈ ಮನೇಲಿ ಯಾರ್ಗೂ ಹಸಿವೇ ಆಗಾಕಿಲ್ಲ ಅಂದ್ಕಂಡಿದ್ದೆ ಕಣೇ."