ರಫೀಕನೆಂದು ನಾನು ಬರೆದುಕೊಂಡ ಮನುಷ್ಯ

ಕೊರೋನಾ ಅಡಗಿದ ಮರುವರ್ಷ. ನಾನಾಗ ದೋಹಾದ ಒಂದು ಆಸ್ಪತ್ರೆಯಲ್ಲಿ ಸೀನಿಯರ್ ಸೈಕಿಯಾಟ್ರಿಸ್ಟ್. ಊರು ಮೈಸೂರು, ಮನೆ ಅಲ್ ರಯ್ಯಾನ್‌ನಲ್ಲಿ, ಸರ್ವೀಸು ಇಪ್ಪತ್ತಾರು ವರ್ಷ. ಜೊತೆಗೊಂದು ಹುಚ್ಚು: ಎರಡನೇ ಮಹಾಯುದ್ಧಕ್ಕೆ ಮುಂಚಿನ ಜರ್ಮನಿಯ ಮನೋವೈದ್ಯರು ಬರೆದಿಟ್ಟ ಕೇಸ್ ಫೈಲುಗಳನ್ನು ಓದುವುದು. ಅದಕ್ಕೆಂದೇ ಜರ್ಮನ್ ಕಲಿತಿದ್ದೆ. ಮೊದಲ ಮಹಾಯುದ್ಧದಿಂದ ತಮ್ಮ ಹೆಸರನ್ನೇ ಮರೆತು ಬಂದ ಸೈನಿಕರ ಬಗ್ಗೆ ಅವರು ಬರೆದದ್ದು ಯಾವ ಪತ್ತೇದಾರಿ ಕಾದಂಬರಿಗೂ ಕಡಿಮೆಯಿಲ್ಲ. ಆದರೆ ಅದೇ ವಿಜ್ಞಾನ ಮುಂದೆ ನಾಜಿಗಳ ಕಾಲದಲ್ಲಿ ರೋಗಿಯ ಮುಖವನ್ನೂ ನೋಡದೆ, ಬರೀ ಕಾಗದ ನೋಡಿ, ಯಾರು ಬದುಕಬೇಕೆಂದು ತೀರ್ಮಾನಿಸಿತು. ಆ ಪುಟಗಳಿಗೆ ಬಂದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಕಣ್ಣೆದುರು ಮನುಷ್ಯನಿರುವಾಗ ಕಾಗದವನ್ನು ಹೇಗೆ ತಾನೇ ನಂಬಿದರೋ ಎಂದು ಬೈಯುತ್ತಿದ್ದೆ. ಸತ್ತವರನ್ನು ಬೈಯುವುದು ಸುಲಭ.

ಅಲ್ ಶಮಾಲ್ ಕಡೆಯ ಹೆದ್ದಾರಿಯಲ್ಲಿ ಉರಿಬಿಸಿಲಲ್ಲಿ ನಡೆದು ಹೋಗುತ್ತಿದ್ದ ಒಬ್ಬನನ್ನು ಪೊಲೀಸರು ಕರೆತಂದರು. ಮೂವತ್ತರ ಆಸುಪಾಸು. ಎರಡೂ ಕೈ ಬೆರಳ ತುದಿಯವರೆಗೆ ಸುಟ್ಟಿದ್ದವು. ಹೆಸರು ಕೇಳಿದರೆ, "ಗೊತ್ತಿಲ್ಲ" ಎಂದ, ಮಂಗಳೂರಿನ ಕನ್ನಡದಲ್ಲಿ. ಜೇಬಲ್ಲಿ ಗುರುತಿನ ಚೀಟಿಯಿಲ್ಲ. ಬೆರಳಚ್ಚು ತೆಗೆಯೋಣವೆಂದರೆ ಬ್ಯಾಂಡೇಜು. ಮೈಮೇಲಿದ್ದ ಅಡುಗೆಯವನ ಯೂನಿಫಾರ್ಮಿನ ಜೇಬಿನ ಮೇಲೆ ನೀಲಿ ದಾರದಲ್ಲಿ 'ರಫೀಕ್' ಎಂದು ಹೊಲಿದಿತ್ತು. ನಾನು ಫೈಲಿನ ಮೇಲೆ ರಫೀಕ್ ಎಂದು ಬರೆದೆ.

ತಲೆಯ ಸ್ಕ್ಯಾನ್ ಸರಿಯಿತ್ತು. ಇದು ಡಿಸೋಸಿಯೇಟಿವ್ ಅಮ್ನೀಸಿಯಾ: ತಡೆಯಲಾಗದ ಆಘಾತವಾದಾಗ ಮನಸ್ಸು ತನ್ನ ಬದುಕಿನ ಕಥೆಯನ್ನೇ ಮುಚ್ಚಿಡುತ್ತದೆ. ಆದರೆ ಕಲಿತ ಅಭ್ಯಾಸಗಳು ಸಾಮಾನ್ಯವಾಗಿ ಉಳಿಯುತ್ತವೆ. ಭಾಷೆ ಉಳಿಯುತ್ತದೆ, ಅಡುಗೆ ಉಳಿಯುತ್ತದೆ. ವಾರ್ಡಿನಲ್ಲಿ ಎಲ್ಲರೂ ರಫೀಕ್, ರಫೀಕ್ ಎಂದು ಕರೆದು ಕರೆದು ಒಂದೇ ವಾರದಲ್ಲಿ ಅವನು ಆ ಹೆಸರಿಗೆ ತಿರುಗಿ ನೋಡತೊಡಗಿದ. ನೆನಪು ಮರಳುತ್ತಿದೆ ಎಂದು ನಾನು ಬರೆದುಕೊಂಡೆ.

ಮನೆಯವರನ್ನು ಹುಡುಕಲು ಹಸನಬ್ಬನವರ ಮೊರೆಹೋದೆ. ಅಲ್ ವಕ್ರಾದಲ್ಲಿ ಮೂವತ್ತು ವರ್ಷದಿಂದ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಕರಾವಳಿಯ ಯಾರಿಗೆ ಏನಾದರೂ ಮೊದಲ ಫೋನು ಹೋಗುವುದು ಅವರಿಗೇ. ಅವರ ವಾಟ್ಸಾಪ್ ಗ್ರೂಪುಗಳು ಮೂರೇ ದಿನದಲ್ಲಿ ಬಂಟ್ವಾಳದ ಹತ್ತಿರ ಒಬ್ಬ ತಾಯಿಯನ್ನು ಹುಡುಕಿಕೊಟ್ಟವು. ಆಕೆ ಆಯಿಷಮ್ಮ. ಕತಾರಿನಲ್ಲಿ ಅಡುಗೆ ಕೆಲಸಕ್ಕಿದ್ದ ಮಗ ರಫೀಕ್ ಎರಡು ವಾರದಿಂದ ಫೋನ್ ಮಾಡಿರಲಿಲ್ಲ. ವಿಡಿಯೋ ಕಾಲ್ ಹಚ್ಚಿದೆವು. ಗಡ್ಡ ಬೆಳೆದ, ಸೊರಗಿದ ಮುಖ ನೋಡಿ, "ಅಯ್ಯೋ ಮಗನೇ, ಎಷ್ಟು ಬಡಕಲಾಗಿದ್ದೀ!" ಎಂದು ಆಕೆ ಅತ್ತರು. "ನಿನ್ನ ಉಮ್ಮ, ನಿನ್ನ ತಾಯಿ" ಎಂದು ನಾನು ಹೇಳಿಕೊಟ್ಟೆ. ಅವನೂ, "ಉಮ್ಮಾ" ಎಂದು ಬಿಕ್ಕಿದ. ನಾನೂ ಕಣ್ಣೊರೆಸಿಕೊಂಡೆ.

ಕಾಲ್ ಮುಗಿದ ಮೇಲೆ ಹಸನಬ್ಬ ನನ್ನನ್ನು ಕಾರಿಡಾರಿಗೆ ಕರೆದರು.

"ಡಾಕ್ಟ್ರೇ, ಒಂದು ಮಾತು. ಫೋನಿಗೆ ಮುಂಚೆ ನಾನು ಪಕ್ಕದಲ್ಲೇ ನಮಾಜು ಮಾಡಿದೆ. ಇವ ಸುಮ್ಮನೆ ನೋಡ್ತಾ ಕೂತಿದ್ದ. ಸಣ್ಣದರಿಂದ ಮಾಡಿದ್ದು ಹಾಗೆ ಮರೆತು ಹೋಗ್ತದಾ?"

"ನೆನಪಿನ ಕಾಯಿಲೆ ಅಲ್ವಾ ಹಸನಬ್ಬ. ಎಲ್ಲ ನಿಧಾನಕ್ಕೆ ಬರುತ್ತೆ" ಎಂದೆ. ನಾನೇ ಓದಿದ್ದ ಪಾಠಕ್ಕೆ ವಿರುದ್ಧವಾದ ಮಾತದು. ಫೈಲು ಸರಿಯಿರಬೇಕೆಂಬ ಆಸೆ ನನ್ನ ಬಾಯಿಂದ ಮಾತಾಡಿಸಿತು.

ಊರಿಗೆ ಕಳಿಸುವ ಏರ್ಪಾಡು ನಡೆದಿತ್ತು. ದಿನಾ ಸಂಜೆ ತಾಯಿಯ ಫೋನು, ಮನೆಯ ಫೋಟೋಗಳು, ತಂಗಿಯ ಮಕ್ಕಳ ಹೆಸರು. ಅವನು ಶಾಲೆಯ ಹುಡುಗನ ಹಾಗೆ ಎಲ್ಲವನ್ನೂ ಕಲಿತ. ಆ ಹೊತ್ತಿಗೆ ತಾಯಿಗೆ ಬಂದಿತು ನಿಜವಾದ ರಫೀಕನ ಫೋನು. ಆರು ತಿಂಗಳ ಹಿಂದೆಯೇ ಅವನು ಆ ಯೂನಿಫಾರ್ಮಿನ ಕ್ಯಾಂಟೀನ್ ಬಿಟ್ಟು ಬೋಟಿನಲ್ಲಿ ಅಡುಗೆಗೆ ಸೇರಿದ್ದನಂತೆ. ಮೊಬೈಲು ಸಮುದ್ರಕ್ಕೆ ಬಿದ್ದಿತ್ತು. ಕೆಲಸ ಬಿಡುವವರು ಯೂನಿಫಾರ್ಮನ್ನು ಹೊಸಬರಿಗೆ ಕೊಟ್ಟು ಹೋಗುವುದು ಅಲ್ಲಿನ ವಾಡಿಕೆ. ಇಷ್ಟು ವರ್ಷ ಗಲ್ಫಿನಲ್ಲಿದ್ದೂ ನನಗದು ಹೊಳೆದಿರಲಿಲ್ಲ.

ಪೊಲೀಸರು ಆ ಕ್ಯಾಂಟೀನಿನಲ್ಲಿ ವಿಚಾರಿಸಿದರು. ಉಡುಪಿ ಕಡೆಯ ಶೇಖರ ಎಂಬಾತ ಕಾಣೆಯಾಗಿದ್ದಾನೆಂದು ಅಲ್ಲಿನವರು ಮೊದಲ ದಿನವೇ ದೂರು ಕೊಟ್ಟಿದ್ದರಂತೆ. ನಾವು ರಫೀಕ್ ಎಂದು ಹುಡುಕುತ್ತಿದ್ದೆವು, ಆ ದೂರು ಶೇಖರನ ಹೆಸರಲ್ಲಿ ಬಿದ್ದಿತ್ತು. ಮರುದಿನ ಬ್ಯಾಂಡೇಜು ಬಿಚ್ಚಿದಾಗ ಬೆರಳಚ್ಚೂ ಅದನ್ನೇ ಹೇಳಿತು.

ವಿಷಯ ತಿಳಿಸಿದೆ. ಶೇಖರ ಎಂಬ ಹೆಸರು ಅವನಲ್ಲಿ ಏನನ್ನೂ ಎಬ್ಬಿಸಲಿಲ್ಲ.

"ಹಾಗಾದ್ರೆ ಉಮ್ಮ?" ಎಂದ.

"ಅವರು ರಫೀಕನ ತಾಯಿ."

"ನೀವೇ ಅಲ್ವಾ ಸರ್ ತೋರಿಸಿಕೊಟ್ಟದ್ದು?"

ನಾಚಿಕೆಯಿಂದ ತಲೆತಗ್ಗಿಸಿದೆ. ಅವನು ಎರಡು ದಿನ ಅನ್ನ ಮುಟ್ಟಲಿಲ್ಲ.

ಮೂರನೆಯ ದಿನ ಆಯಿಷಮ್ಮ ತಾವಾಗಿಯೇ ನನಗೆ ಫೋನ್ ಮಾಡಿದರು. "ನನ್ನ ಮಗ ಸಿಕ್ಕಿದ. ಇವನಿಗೆ ಅಲ್ಲಿ ಯಾರುಂಟು ಡಾಕ್ಟ್ರೇ? ಫೋನು ಕೊಡಿ, ನಾನು ಮಾತಾಡ್ತೇನೆ." ಈ ಸಲ ನಾನು ಏನನ್ನೂ ಹೇಳಿಕೊಡಲಿಲ್ಲ, ಸುಮ್ಮನೆ ಪಕ್ಕದಲ್ಲಿ ಕುಳಿತೆ. ಮೊದಲು ಗದರಿದರು: "ಊಟ ಬಿಟ್ಟಿದ್ದೀಯಂತೆ! ಇಲ್ಲಿ ನನಗೆ ಎದೆ ಹೊಡ್ಕೊಳ್ತದೆ. ನನಗೇನಾದ್ರೂ ಆದ್ರೆ ನೀನು ಬರ್ತೀಯಾ?"

ಅವನು ಮುಖ ಕಿವುಚಿದ. "ಬರ್ಲಿಕ್ಕಾಗ್ಲಿಲ್ಲ" ಎಂದ. ಮತ್ತೆ, "ಅಮ್ಮನನ್ನು ಸುಡುವುದನ್ನು ಮೊಬೈಲಲ್ಲಿ ನೋಡಿದೆ. ಟಿಕೆಟ್ ಸಿಕ್ಕಿದ್ದು ಮರುದಿನಕ್ಕೆ. ಬಿಸಿ ಬಾಣಲೆ ಬರಿಗೈಯಲ್ಲಿ ಎತ್ತಿದೆ, ಗೊತ್ತೇ ಆಗಲಿಲ್ಲ" ಎಂದು ಹೋ ಎಂದು ಅತ್ತ. ಆ ಕಡೆಯಿಂದ ಆಯಿಷಮ್ಮ, "ಅಳು ಮಗಾ, ಅಳು. ನಾನು ಇಡುವುದಿಲ್ಲ ಫೋನು" ಎನ್ನುತ್ತಲೇ ಇದ್ದರು. ಮುಕ್ಕಾಲು ಗಂಟೆ ಇಡಲಿಲ್ಲ.

ಹತ್ತು ದಿನದಲ್ಲಿ ಶೇಖರ ತನ್ನ ಹೆಸರಲ್ಲೇ ಊರಿಗೆ ಹೋದ. ಡಿಸ್ಚಾರ್ಜ್ ವರದಿಯಲ್ಲಿ ನನ್ನ ತಪ್ಪನ್ನು ಇದ್ದಂತೆ ಬರೆದೆ. ಸುಳ್ಳು ಹೆಸರನ್ನು ಕೊಟ್ಟವನು ನಾನು. ಅವನು ಅದಕ್ಕೆ ಜೋತುಬಿದ್ದದ್ದು ಆ ಹೆಸರಿನ ಜೊತೆ ಬದುಕಿರುವ ಒಬ್ಬ ತಾಯಿ ಸಿಕ್ಕಿದ್ದಕ್ಕೆ. ಫೈಲು ನಂಬಿದ ಆ ಜರ್ಮನ್ ವೈದ್ಯರಿಗೂ ನನಗೂ ಇದ್ದ ದೂರ ನಾನೆಣಿಸಿದಷ್ಟು ದೊಡ್ಡದಾಗಿರಲಿಲ್ಲ.

ಆಮೇಲೆ ನಿವೃತ್ತಿಯವರೆಗೂ, ಗುರುತು ಸಿಗದ ರೋಗಿ ಬಂದರೆ ಹೆಸರಿನ ಜಾಗದಲ್ಲಿ 'ಗೊತ್ತಿಲ್ಲ' ಎಂದೇ ಬರೆದೆ. ಮೊದಲ ದಿನ ಅವನು ಸತ್ಯವನ್ನೇ ಹೇಳಿದ್ದ. ಅದನ್ನು ಬರೆದುಕೊಳ್ಳಲು ಬೇಕಾದ ಧೈರ್ಯ ನನಗೆ ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಬಂದಿರಲಿಲ್ಲ.